ಹಾಲಿನ ಪಕ್ಕದಲ್ಲಿ ಸೋಯಾ ಸಾಸ್

ಮಲೇಶಿಯಾದ ಪೆಟಾಲಿಂಗ್ ಜಯಾದಲ್ಲಿ ನಾವಿದ್ದ ಫ್ಲ್ಯಾಟಿನ ಎದುರು ಬಾಗಿಲಿನವರು ವಯಸ್ಸಾದ ಚೀನೀ ದಂಪತಿ. ಅವರನ್ನು ನಾವು ಆಂಟಿ, ಅಂಕಲ್ ಎಂದೇ ಕರೆಯುತ್ತಿದ್ದೆವು. ನನ್ನ ಮಗಳು ಮೂರು ವರ್ಷ ಮಧ್ಯಾಹ್ನದ ಊಟ ಮಾಡಿದ್ದು ಅವರ ಮನೆಯಲ್ಲಿ. ಶಾಲೆ ಒಂದು ಗಂಟೆಗೆ ಬಿಡುತ್ತಿತ್ತು. ನಾನು ಕೆಲಸ ಮುಗಿಸಿ ಮನೆ ಮುಟ್ಟುವ ಹೊತ್ತಿಗೆ ಆರಾಗುತ್ತಿತ್ತು, ನನ್ನ ಗಂಡ ಸುಬಾಂಗ್ ಜಯಾದ ಆಫೀಸಿನಿಂದ ಬರುವುದು ಇನ್ನೂ ತಡ. ಮಗಳಿಗೆಂದು ಆಂಟಿ ಬೇರೆ ತಟ್ಟೆ, ಬೇರೆ ಬಾಣಲೆ ಇಟ್ಟಿದ್ದರು. ಕೊನೆಗೆ ಸೋಯಾ ಸಾಸನ್ನೂ ಹಲಾಲ್ ಗುರುತಿರುವುದನ್ನೇ ತರಲು ಶುರುಮಾಡಿದರು. ಒಂದೇ ಅಡಿಗೆಮನೆಯಲ್ಲಿ ಎರಡು ಬಾಟಲಿ ಯಾಕೆ ಎಂದು ಆಮೇಲೆ ಅವರೂ ಅದನ್ನೇ ಬಳಸತೊಡಗಿದರು.

ನಾನು ಉಡುಪಿ ಕಡೆಯವಳು, ಮನೆಮಾತು ಬ್ಯಾರಿ. ಗಂಡ ಕಡೂರಿನವರು, ಅವರ ಮನೆಯಲ್ಲಿ ಉರ್ದು. ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ. ಮಗಳಿಗೆ ಎಲ್ಲವೂ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಆಂಟಿಯೊಡನೆ ನಾನು ಆಡುತ್ತಿದ್ದುದು ಅರ್ಧ ಇಂಗ್ಲಿಷ್, ಅರ್ಧ ಮಲಯ್. ಮಾತಿನ ತುದಿಗೆ ಅವರು ಸೇರಿಸುತ್ತಿದ್ದ 'ಲಾ' ಒಂದನ್ನು ಬಿಟ್ಟು ಇಲ್ಲಿ ಅದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನನ್ನ ಕೆಲಸ ಆಹಾರ ಪದಾರ್ಥಗಳನ್ನು ಪರೀಕ್ಷಿಸುವ ಒಂದು ಖಾಸಗಿ ಲ್ಯಾಬಿನಲ್ಲಿತ್ತು. ಪೊಟ್ಟಣಗಳ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಪೋಷಕಾಂಶಗಳ ಪಟ್ಟಿ ಇರುತ್ತದಲ್ಲ, ಅದರ ಅಂಕಿಗಳು ಹೊರಡುವುದು ನನ್ನಂಥವರ ಮೇಜಿನಿಂದ. ಬಿಸ್ಕತ್ತು, ಮೀನಿನ ಉಂಡೆ, ತೆಂಗಿನ ಹಾಲು, ಏನು ಬಂದರೂ ಅರೆದು, ಒಣಗಿಸಿ, ಸುಟ್ಟು, ತೂಗಿ ಒಂದು ಸಂಖ್ಯೆ ಬರೆದುಕೊಡುತ್ತಿದ್ದೆವು. ಅದನ್ನು ಯಾರು ತಿನ್ನುತ್ತಾರೆ ಎಂಬುದು ನಮಗೆ ಬೇಕಿರಲಿಲ್ಲ.

ಅಂಕಲ್ ಮುದ್ರಣಾಲಯದಲ್ಲಿ ದುಡಿದು ನಿವೃತ್ತರಾದವರು. ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ ಅವರಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಆಮೇಲೆ ಇಳಿದುಹೋದರು. ಬೆಲ್ಟಿಗೆ ಆಂಟಿ ಮೊಳೆಯಿಂದ ಹೊಸ ತೂತು ಮಾಡಿಕೊಡಬೇಕಾಯಿತು. ಪ್ರೋಟೀನ್ ಹೆಚ್ಚು ತಿನ್ನಿ, ಹಾಲು ಕುಡಿಯಿರಿ ಎಂದು ಡಾಕ್ಟರ್ ಹೇಳಿದ್ದರು. ಆದರೆ ದೊಡ್ಡವರಾದ ಮೇಲೆ ಅವರು ಹಾಲು ಕುಡಿದವರೇ ಅಲ್ಲ. ಎರಡು ದಿನ ಕುಡಿದರು, ಎರಡೂ ದಿನ ಹೊಟ್ಟೆ ಕೆಟ್ಟಿತು. ಮೊಟ್ಟೆಯ ವಾಸನೆ ಆಗುತ್ತಿರಲಿಲ್ಲ, ಮೀನನ್ನು ತಟ್ಟೆಯ ಅಂಚಿಗೆ ಸರಿಸಿಬಿಡುತ್ತಿದ್ದರು. ಒಳಗೆ ಹೋಗುತ್ತಿದ್ದುದು ಗಂಜಿ ಒಂದೇ. ನಮ್ಮೂರಲ್ಲಿ ಗಂಜಿಗೆ ಉಪ್ಪಿನಕಾಯಿ ನಂಚಿಕೊಳ್ಳುವ ಹಾಗೆ ಅವರು ಗಂಜಿಯ ಮೇಲೆ ಸೋಯಾ ಸಾಸ್ ಹನಿಸಿಕೊಳ್ಳುತ್ತಿದ್ದರು.

ಇದೇ ಸಮಯಕ್ಕೆ ಮಗಳಿಗೆ ಶಾಲೆಯಲ್ಲಿ ಒಂದು ಕೆಲಸ ಕೊಟ್ಟರು. ಮನೆಯಲ್ಲಿರುವ ಯಾವುದಾದರೂ ಎರಡು ಆಹಾರದ ಲೇಬಲ್ ನೋಡಿ ಹೋಲಿಸಬೇಕು. ನಾನು ಸಂಜೆ ಕರೆದುಕೊಳ್ಳಲು ಹೋದಾಗ ಅವಳು ಆಂಟಿಯ ಊಟದ ಮೇಜಿನ ಮೇಲೆ ಅಂಕಲ್ ಕುಡಿಯದೆ ಬಿಟ್ಟ ಹಾಲಿನ ಡಬ್ಬವನ್ನೂ ಸೋಯಾ ಸಾಸಿನ ಬಾಟಲಿಯನ್ನೂ ಅಕ್ಕಪಕ್ಕ ಇಟ್ಟುಕೊಂಡಿದ್ದಳು.

"ಹಾಲಿಗೂ ಸೋಯಾ ಸಾಸಿಗೂ ಏನು ಸಂಬಂಧ? ಹಾಲು, ಜ್ಯೂಸು ಅಂತ ತಗೋಬಾರ್ದಾ?" ಎಂದು ಕೇಳಿದೆ.

"ಒನ್ ಈಸ್ ವೈಟ್, ಒನ್ ಈಸ್ ಬ್ಲ್ಯಾಕ್, ಉಮ್ಮಾ," ಎಂದಳು. ಅವಳಿಗೆ ಅಷ್ಟು ಕಾರಣ ಸಾಕಾಗಿತ್ತು.

ಎರಡು ಲೇಬಲ್ಲಿನಲ್ಲೂ ಇರುವ ಸಾಲುಗಳನ್ನು ಮಾತ್ರ ಬರೆಯಬೇಕು ಎಂದು ಟೀಚರ್ ಹೇಳಿದ್ದರಂತೆ. ಹಾಲಿನ ಡಬ್ಬದ ಮೇಲೆ ಕ್ಯಾಲ್ಸಿಯಂ ಇತ್ತು. ಬಾಟಲಿಯ ಮೇಲೆ ಇರಲಿಲ್ಲ, ಹಾಗಾಗಿ ಅದನ್ನು ಬಿಟ್ಟಳು. ಉಪ್ಪಿನ ಅಂಶವನ್ನು ಎರಡರ ಮೇಲೂ ಹಾಕಿರಲಿಲ್ಲ. ಉಳಿದದ್ದು ನಾಲ್ಕು ಸಾಲು: ಶಕ್ತಿ, ಶರ್ಕರಪಿಷ್ಟ, ಪ್ರೋಟೀನ್, ಕೊಬ್ಬು. ನೂರು ಮಿಲಿಲೀಟರಿಗೆ ಹಾಲಿನಲ್ಲಿ ಪ್ರೋಟೀನ್ ಮೂರು ಗ್ರಾಂ ಚಿಲ್ಲರೆ, ಆ ಸೋಯಾ ಸಾಸಿನಲ್ಲಿ ಎಂಟು. ಎಂಟನ್ನು ಅವಳು ಕೆಂಪು ಪೆನ್ನಿನಿಂದ ಬರೆದು ಸುತ್ತ ಒಂದು ಗೆರೆ ಎಳೆದಳು. ಉಪ್ಪಿನ ಸಾಲು ಇಲ್ಲದ್ದು ನನ್ನ ಕಣ್ಣಿಗೆ ಬಿತ್ತು. ನಾಲ್ಕನೇ ಕ್ಲಾಸಿನ ಮನೆಗೆಲಸ, ಇರಲಿ ಎಂದು ಸುಮ್ಮನಾದೆ.

ವಾರದ ಮೇಲೆ ಆ ಹಾಳೆ ಟೀಚರ್ ಅಂಟಿಸಿದ ನಕ್ಷತ್ರದ ಜೊತೆ ವಾಪಸ್ಸು ಬಂತು. ಆಂಟಿ ಅದನ್ನು ತಮ್ಮ ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದರು. ಒಂದೆರಡು ದಿನ ಕಳೆದು ಬೆಳಿಗ್ಗೆ ಲಿಫ್ಟಿನ ಮುಂದೆ ಸಿಕ್ಕಾಗ ಕೇಳಿದರು.

"ಹುಡುಗಿ ಬರೆದಿದ್ದು ನಿಜವಾ? ಕಿಚಾಪಿನಲ್ಲಿ ಹಾಲಿಗಿಂತ ಪ್ರೋಟೀನ್ ಜಾಸ್ತಿಯಾ?"

ಕಿಚಾಪ್ ಎಂದರೆ ಅಲ್ಲಿ ಸೋಯಾ ಸಾಸೇ.

"ಹೌದು ಆಂಟಿ. ಒಂದೇ ಅಳತೆ ತಗೊಂಡ್ರೆ ಎರಡರಷ್ಟಕ್ಕಿಂತ ಜಾಸ್ತಿ. ಸೋಯಾ ಕಾಳಿಂದ ಮಾಡೋದಲ್ವಾ," ಎಂದೆ. ಗೊತ್ತಿರುವ ವಿಷಯವನ್ನು ಯಾರಾದರೂ ಕೇಳಿದಾಗ ಆಗುವ ಸಣ್ಣ ಖುಷಿ ಆಯಿತು. ಲಿಫ್ಟ್ ಬಂತು. ನಾನು ಹತ್ತಿದೆ.

ತಿಂಗಳು ಕಳೆದಿರಬಹುದು. ಒಂದು ಶನಿವಾರ ಬೆಳಿಗ್ಗೆ ಆಂಟಿ ಬಾಗಿಲು ತಟ್ಟಿದರು. ಅಂಕಲ್‌ಗೆ ಉಸಿರಾಡಲು ಕಷ್ಟವಾಗುತ್ತಿತ್ತು. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕುಳಿತಿದ್ದರು. ಕಾಲು ಎಷ್ಟು ಊದಿಕೊಂಡಿತ್ತೆಂದರೆ ಚಪ್ಪಲಿಯೊಳಗೆ ಹೋಗಲಿಲ್ಲ, ಬರಿಗಾಲಲ್ಲೇ ಕಾರಿಗೆ ಹತ್ತಿಸಿದೆವು. ಗಂಡ ಕಾರು ಓಡಿಸಿದರು. ಮಗಳನ್ನು ಕೆಳಗಿನ ಮಹಡಿಯ ತಮಿಳರ ಮನೆಯಲ್ಲಿ ಬಿಟ್ಟು ನಾನೂ ಹೋದೆ.

ಆಸ್ಪತ್ರೆಯಲ್ಲಿ ನೋಡಿದವರು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಅಂಕಲ್‌ರ ಕಾಲಿನ ಮೇಲೆ ಬೆರಳೊತ್ತಿದರು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಇತ್ತು. ಏನು ತಿನ್ನುತ್ತಾರೆ ಎಂದು ಕೇಳಿದರು.

"ಗಂಜಿ. ಮೂರು ಹೊತ್ತೂ ಗಂಜಿ," ಎಂದರು ಆಂಟಿ. "ಪ್ರತಿ ಬಟ್ಟಲಿಗೂ ಆರು ಚಮಚ ಕಿಚಾಪ್ ಹಾಕ್ತೀನಿ. ದೊಡ್ಡ ಚಮಚ. ಹಾಲು ಅವರಿಗೆ ಆಗೋದಿಲ್ಲ ಲಾ. ಕಿಚಾಪಿನಲ್ಲಿ ಹಾಲಿಗಿಂತ ಪ್ರೋಟೀನ್ ಜಾಸ್ತಿ." ಆಮೇಲೆ ನನ್ನ ಕಡೆ ಕೈ ತೋರಿಸಿದರು. "ಇವಳು ಲ್ಯಾಬಲ್ಲಿ ಕೆಲಸ ಮಾಡ್ತಾಳೆ. ಇವಳೇ ಹೇಳಿದ್ದು."

ಅವರ ದನಿಯಲ್ಲಿ ದೂರು ಇರಲಿಲ್ಲ. ತಾನು ತಿಳಿದವರನ್ನು ಕೇಳಿಯೇ ಮಾಡಿದ್ದು ಎಂಬ ಭರವಸೆ ಇತ್ತು. ಡಾಕ್ಟರಮ್ಮ ನನ್ನನ್ನು ನೋಡಿದರು.

"ಯಾವ ಲ್ಯಾಬು?"

"ಆಹಾರದ್ದು," ಎಂದೆ.

ಅವರು ತಲೆಯಾಡಿಸಿ ಬರೆದುಕೊಂಡರು. ಆಮೇಲೆ ಆಂಟಿಗೆ ನಿಧಾನವಾಗಿ, ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತದೆ, ಹೃದಯ ಅದನ್ನು ದಬ್ಬಲಾರದೆ ಸೋಲುತ್ತದೆ ಎಂದು ವಿವರಿಸಿದರು. ಅಂಕಲ್‌ರ ಹೃದಯ ಮೊದಲೇ ಸೋತಿತ್ತು, ಇದೊಂದೇ ಕಾರಣವಲ್ಲ ಎಂದೂ ಹೇಳಿದರು. ಆ ಮಾತು ನಿಜವೇ ಇರಬೇಕು. ಆದರೆ ಅದನ್ನು ಅವರು ನನ್ನ ಮುಖ ನೋಡಿ ಹೇಳಿದ್ದು ನೆನಪಿದೆ.

ಅಂಕಲ್‌ರನ್ನು ವಾರ್ಡಿಗೆ ಸೇರಿಸಿಕೊಂಡರು. ವಾಪಸ್ಸು ಬರುವಾಗ ಕಾರಿನಲ್ಲಿ ಗಂಡ ಅಂದರು, "ನೀನೇನು ಸುಳ್ಳು ಹೇಳಿಲ್ವಲ್ಲ."

"ಸುಳ್ಳಾಗಿದ್ರೆ ಯಾರಾದ್ರೂ ತಿದ್ದೋರು," ಎಂದೆ.

ಸೋಮವಾರ ನಮ್ಮ ಮನೆಯಲ್ಲಿದ್ದ ಅದೇ ಕಂಪನಿಯ ಬಾಟಲಿಯನ್ನು ಲ್ಯಾಬಿಗೆ ಒಯ್ದು ಮಧ್ಯಾಹ್ನದ ಬಿಡುವಿನಲ್ಲಿ ಉಪ್ಪಿನ ಪರೀಕ್ಷೆ ಮಾಡಿದೆ. ಯಾರೂ ಕೇಳಿರಲಿಲ್ಲ. ಫಲಿತಾಂಶ ಸುಮಾರು ಎಷ್ಟು ಬರುತ್ತದೆಂದು ನನಗೆ ಗೊತ್ತಿತ್ತು, ಅಷ್ಟೇ ಬಂತು. ಕಾಗದದಲ್ಲಿ ಬರೆದು ಕೊಟ್ಟರೆ ಆಂಟಿಗೆ ಮತ್ತೊಂದು ಅಂಕಿಯಾಗುತ್ತದೆ ಎನಿಸಿತು. ಸಂಜೆ ಅವರು ಆಸ್ಪತ್ರೆಯಿಂದ ಬಂದ ಮೇಲೆ ಅವರ ಅಡಿಗೆಮನೆಗೆ ಹೋದೆ.

ಒಂದು ಲೋಟಕ್ಕೆ ಹಾಲು ಸುರಿದೆ. ಪಕ್ಕದಲ್ಲಿ ಒಂದು ಬಟ್ಟಲಿಟ್ಟು ಅದೇ ದೊಡ್ಡ ಚಮಚದಿಂದ ಸೋಯಾ ಸಾಸ್ ಹಾಕಿದೆ. ಐದೂವರೆ ಚಮಚ ಆಯಿತು.

"ಈ ಲೋಟದಲ್ಲಿ ಎಷ್ಟು ಪ್ರೋಟೀನ್ ಇದೆಯೋ ಈ ಬಟ್ಟಲಲ್ಲೂ ಅಷ್ಟೇ ಇದೆ ಆಂಟಿ. ನಾನು ಹೇಳಿದ್ದು ಅದನ್ನ. ಹೇಳದೇ ಬಿಟ್ಟಿದ್ದು ಇದು." ಉಪ್ಪಿನ ಡಬ್ಬ ತೆಗೆದು ಒಂದು ಸಾಸರಿಗೆ ಎರಡು ಟೀ ಚಮಚ ಉಪ್ಪು ಹಾಕಿದೆ, ಮೇಲೆ ಇನ್ನೊಂದು ಚಿಟಿಕೆ. "ಬಟ್ಟಲಲ್ಲಿ ಇಷ್ಟು ಉಪ್ಪಿದೆ. ಹಾಲಿನ ಲೋಟದಲ್ಲಿರೋದು ಬೆರಳ ತುದಿಗೆ ಅಂಟುವಷ್ಟು."

ಅವರು ಸಾಸರನ್ನು ಹತ್ತಿರಕ್ಕೆ ಎಳೆದುಕೊಂಡರು.

"ಒಂದು ಬಟ್ಟಲಿಗೆ ಇಷ್ಟಾ?"

"ಹೌದು."

"ದಿನಕ್ಕೆ ಮೂರು ಸಲ ಕೊಟ್ಟೆ." ಉಪ್ಪನ್ನು ಬೆರಳಿನಿಂದ ಮುಟ್ಟಿ ನೋಡಿ ಅಂದರು, "ಉಪ್ಪು ಅಂತ ನನಗೂ ಗೊತ್ತಿತ್ತು ಲಾ. ನಾಲಿಗೆಗೆ ಗೊತ್ತಾಗೋದಿಲ್ವಾ? ಆದರೆ ನೀನು ಓದಿದವಳು ಹೇಳಿದ ಮೇಲೆ ಅದು ಔಷಧಿ ಅಂದುಕೊಂಡೆ."

"ಯಾತಕ್ಕೆ ಕೇಳ್ತಿದ್ದೀರಿ ಅಂತ ನಾನು ಕೇಳಬೇಕಿತ್ತು."

"ನಾನೂ ಹೇಳಲಿಲ್ಲ," ಎಂದರು. ಸಾಸರಿನ ಉಪ್ಪನ್ನು ಮತ್ತೆ ಡಬ್ಬಕ್ಕೆ ಸುರಿದು, ಬಟ್ಟಲಿನದನ್ನು ಸಿಂಕಿಗೆ ಚೆಲ್ಲಿದರು. ಹಾಲನ್ನು ಹೊರಕೋಣೆಯಲ್ಲಿ ಟಿವಿ ನೋಡುತ್ತಿದ್ದ ನನ್ನ ಮಗಳಿಗೆ ಕೊಟ್ಟರು. ಫ್ರಿಜ್ಜಿನ ಮೇಲಿನ ಹಾಳೆ ಅಷ್ಟರಲ್ಲಿ ಅಲ್ಲಿರಲಿಲ್ಲ. ಯಾರು ತೆಗೆದರೆಂದು ನಾನು ವಿಚಾರಿಸಲಿಲ್ಲ. ಮಗಳಿಗೂ ಏನೂ ಹೇಳಲಿಲ್ಲ. ಆಂಟಿಯೂ ಹೇಳಲಿಲ್ಲವೆಂದು ಕಾಣುತ್ತದೆ. ಮಾರನೆಯ ದಿನವೂ ಅವಳು ಅಲ್ಲೇ ಉಂಡಳು.

ಎಂಟು ದಿನಕ್ಕೆ ಅಂಕಲ್ ಮನೆಗೆ ಬಂದರು. ಊತ ಇಳಿದ ಮೇಲೆ ಇನ್ನೂ ಸಣ್ಣಗೆ ಕಾಣುತ್ತಿದ್ದರು. ಗಂಜಿಗೆ ಈಗ ಏನೂ ಹಾಕುವಂತಿರಲಿಲ್ಲ. ನೋಡಲು ಹೋದಾಗ ಬಟ್ಟಲು ಮುಂದಿಟ್ಟುಕೊಂಡು ಕುಳಿತಿದ್ದರು. ನಾನು ಕ್ಷಮೆ ಕೇಳಿದೆ.

"ಪ್ರೋಟೀನ್ ಅಂತ ನಾನು ತಿನ್ನಲಿಲ್ಲ," ಎಂದರು. "ಆಪರೇಷನ್ ಆದ ಮೇಲೆ ನಾಲಿಗೆಗೆ ಏನೂ ತಿಳೀತಾ ಇರಲಿಲ್ಲ. ಅದೊಂದು ತಿಳೀತಿತ್ತು. ಅವಳು ಜಾಸ್ತಿ ಜಾಸ್ತಿ ಹಾಕೋಕೆ ಶುರು ಮಾಡಿದಾಗ ನನಗೆ ಖುಷಿಯಾಯ್ತು. ಯಾಕೆ ಅಂತ ಕೇಳಲಿಲ್ಲ."

ಆ ಭಾನುವಾರ ನಾನು ಹೆಸರುಬೇಳೆ ಪಾಯಸ ಮಾಡಿದೆ. ತೆಂಗಿನ ಹಾಲು ತೆಳ್ಳಗೆ, ಬೆಲ್ಲದ ಬದಲು ಅಲ್ಲಿನ ತಾಳೆಬೆಲ್ಲ ಸ್ವಲ್ಪವೇ, ಬೇಳೆ ಹೆಚ್ಚು. ಈ ಸಲ ಮೊದಲೇ ಆಂಟಿಯಿಂದ ಆಸ್ಪತ್ರೆಯ ಆಹಾರ ಸಲಹೆಗಾರರಿಗೆ ಫೋನ್ ಮಾಡಿಸಿ, ಕೊಡಬಹುದೇ, ಎಷ್ಟು ಕೊಡಬಹುದು ಎಂದು ಕೇಳಿಸಿದ್ದೆ. ಅಂಕಲ್ ಒಂದು ಚಮಚ ಬಾಯಿಗಿಟ್ಟು ನೋಡಿದರು.

"ಇದು ನಿಮ್ಮದಲ್ಲ, ನಮ್ಮದು. ನನ್ನಮ್ಮ ಮಾಡ್ತಿದ್ದಳು," ಎಂದರು.

"ಸಿಪ್ಪೆ ಇರೋ ಹೆಸರುಕಾಳಿಂದ ಮಾಡೋದು ನಮ್ಮದು," ಎಂದು ಆಂಟಿ ತಿದ್ದಿದರು. ಇಬ್ಬರೂ ಚೀನೀ ಭಾಷೆಯಲ್ಲಿ ಸ್ವಲ್ಪ ಹೊತ್ತು ವಾದಿಸಿದರು. ಅಷ್ಟರಲ್ಲಿ ಬಟ್ಟಲು ಖಾಲಿಯಾಗಿತ್ತು. ಅಲ್ಲಿಂದ ಮುಂದೆ ವಾರಕ್ಕೆ ಎರಡು ಸಲ ಮಾಡಿದೆ, ಆಮೇಲೆ ಆಂಟಿಯೇ ಮಾಡಿಕೊಂಡರು. ಮೃದುವಾದ ತೋಫು ನಿಧಾನವಾಗಿ ಒಗ್ಗಿತು, ಕೊನೆಗೆ ಮೀನೂ. ವರ್ಷದ ಹೊತ್ತಿಗೆ ಅವರು ಕೆಳಗೆ ಅಂಗಡಿಯವರೆಗೆ ನಡೆದುಹೋಗಿ ಪೇಪರ್ ತರುವಷ್ಟಾದರು.

ಮರುವರ್ಷ ಅವರು ಫ್ಲ್ಯಾಟ್ ಮಾರಿ ಇಪೋ ಪಟ್ಟಣದಲ್ಲಿದ್ದ ತಮ್ಮ ಮಗಳ ಮನೆಗೆ ಹೋದರು. ಅಂಕಲ್ ಅಲ್ಲಿ ಇನ್ನೂ ಮೂರು ವರ್ಷ ಬದುಕಿದರು. ಸುದ್ದಿಯನ್ನು ಆಂಟಿಯೇ ಫೋನಿನಲ್ಲಿ ಹೇಳಿದರು. ಹೃದಯವೇ ನಿಂತದ್ದು, ಬೆಳಗಿನ ಹೊತ್ತು, ಕುರ್ಚಿಯಲ್ಲಿ. ಹಿಂದಿನ ದಿನ ಚೆನ್ನಾಗಿ ಉಂಡಿದ್ದರಂತೆ. ಏನು ಉಂಡರೆಂದು ನಾನು ಕೇಳಿದೆ. ಅವರು ಒಂದೊಂದಾಗಿ ಹೇಳುತ್ತಾ ಹೋದರು, ನಾನು ಕೇಳಿಸಿಕೊಂಡೆ.