ಒದ್ದೆ ನೂಲಿನ ಮೇಲೆ ಇಳಿದ ಚಿಟ್ಟೆಗಳು

ಹುಳಿ ಬಂದ ಅಕ್ಕಿ ಗಂಜಿಯ ವಾಸನೆ ಎಲ್ಲಿ ಬಂದರೂ ನನಗೆ ಸೇಲಂನ ನಮ್ಮ ಕನ್ನಡ ನೇಕಾರರ ಬೀದಿ ನೆನಪಾಗುತ್ತದೆ. ಮಗ್ಗಕ್ಕೆ ಏರಿಸುವ ಮುನ್ನ ಉದ್ದನೆಯ ನೂಲನ್ನು ಬೀದಿಯುದ್ದಕ್ಕೂ ಗೂಟಗಳ ನಡುವೆ ಎಳೆದು ಕಟ್ಟುತ್ತಿದ್ದರು. ಅದನ್ನು ಪಾವು ಎನ್ನುತ್ತಿದ್ದೆವು. ಅಜ್ಜಿ ಅದಕ್ಕೆ ಗಂಜಿ ಎರಚಿಕೊಂಡು ಮುಂದೆ ಹೋದರೆ, ತಾತ ನಾರಿನ ದೊಡ್ಡ ಕುಂಚ ಹಿಡಿದು ಎಳೆ ಎಳೆ ಬಿಡಿಸುತ್ತ ಹಿಂದೆ ಬರುತ್ತಿದ್ದರು. ಒಣಗುವುದರೊಳಗೆ ಕುಂಚ ಆಡಬೇಕು. ತಡವಾದರೆ ಎಳೆಗಳು ಒಂದಕ್ಕೊಂದು ಅಂಟಿ, ನೇಯುವಾಗ ತುಂಡಾಗುತ್ತವೆ. ತಮಿಳು ಪಂಚಾಂಗದ ಐಪ್ಪಸಿ ತಿಂಗಳಲ್ಲಂತೂ ಮಳೆ ಬಿಡುವು ಕೊಟ್ಟ ಬೆಳಗ್ಗೆಯೇ ಈ ಕೆಲಸ ಮುಗಿಯಬೇಕಿತ್ತು, ಏಕೆಂದರೆ ದೀಪಾವಳಿಯ ಸೀರೆಗಳು ಕಾಯುತ್ತಿದ್ದವು.

ಅದೇ ತಿಂಗಳ ಸಂಜೆಗಳಲ್ಲಿ ತಾತ ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಯಿಂದ ಎದ್ದು ಬಂದು ಟೀವಿಯ ಮುಂದೆ ಕೂರುತ್ತಿದ್ದರು. ಅವರಿಗೆ ಸಿನಿಮಾ ಬೇಡ, ಸುದ್ದಿ ಬೇಡ, ಪ್ರಾಣಿಗಳೇ ಆಗಬೇಕು. ಯಾವುದೋ ಚಳಿದೇಶದ ಕಾಡು ಕೆಂಪಗೆ ಎಲೆ ಉದುರಿಸುತ್ತಿರುತ್ತಿತ್ತು, ತಮಿಳಿನಲ್ಲಿ ಒಬ್ಬ ಗಂಭೀರವಾಗಿ ವಿವರಿಸುತ್ತಿದ್ದ. ಒಂದು ಸಂಜೆ ದೊಡ್ಡ ಕೊಂಬಿನ ಜಿಂಕೆಯೊಂದು ಕತ್ತು ಚಾಚಿ ಕೂಗಿದಾಗ ಅಜ್ಜಿ ಕೇಳಿದಳು: “ಯಾಕಂತೆ ಅದು ಅಂಗ್ ಬಾಯ್ ಬಡ್ಕೊಳ್ತೈತೆ?”

“ಎಂಡ್ತಿ ಬೇಕಂತೆ,” ತಾತ ಹೇಳಿದರು.

“ನಮ್ಮನೇಲೂ ಒಂದೈತೆ ಕಣ್ ಪಾಪಾ,” ಅಜ್ಜಿ ನನ್ನ ಕಡೆ ತಿರುಗಿದಳು. “ಎಂಡ್ತಿ ಎದುರ್ಗೇ ಇದ್ರೂ ದಿನಾ ಬೆಳಗ್ಗೆ ಕಾಫಿಗೆ ಅಂಗೇ ಕೂಗ್ತೈತೆ.”

ಆ ರಾತ್ರಿ ಒಂದು ಮರದ ತುಂಬ ಚಿಟ್ಟೆಗಳು ಕೂತಿದ್ದನ್ನೂ ತೋರಿಸಿದರು. ಕೊಂಬೆಯೇ ಕಾಣುತ್ತಿರಲಿಲ್ಲ. ಅಜ್ಜಿ ನಂಬಲಿಲ್ಲ. “ಎಲ್ಲಾ ಗ್ರಾಫಿಕ್ಸು,” ಎಂದು ಒಲೆಯ ಕಡೆ ಹೋದಳು. ತಾತ ಮಾತ್ರ ಜಾಹೀರಾತು ಬಂದ ಮೇಲೂ ಪರದೆಯನ್ನೇ ನೋಡುತ್ತ ಕೂತಿದ್ದರು.

ಮರುದಿನ ಬಿಸಿಲು ಬಂತು. ನೀಲಿ ಪಾವು ಎಳೆದು ಕಟ್ಟಿ, ಅಜ್ಜಿ ಅರ್ಧ ಬೀದಿ ಗಂಜಿ ಎರಚಿದ್ದಳು. ಆಗ ಏರ್ಕಾಡು ಬೆಟ್ಟದ ಕಡೆಯಿಂದ ಚಿಟ್ಟೆಗಳು ಬಂದವು. ಒಂದೆರಡಲ್ಲ, ಗಾಳಿಯೇ ಮುರಿದು ಚೂರಾಗಿ ತೇಲಿ ಬಂದ ಹಾಗೆ. ಕಪ್ಪು ರೆಕ್ಕೆ, ಅದರ ಮೇಲೆ ತಿಳಿನೀಲಿ ಚುಕ್ಕೆ. ಪ್ರತಿ ವರ್ಷ ಈ ಕಾಲಕ್ಕೆ ತಲೆಯ ಮೇಲೆ ಹಾದುಹೋಗುತ್ತಿದ್ದವು. ಆ ದಿನ ಮಾತ್ರ ಕೆಳಗಿಳಿದು, ಒದ್ದೆ ನೂಲಿನ ಮೇಲೆ ಕೂತು, ಕೊಳವೆಯಂಥ ನಾಲಿಗೆ ಚಾಚಿ ಹೀರತೊಡಗಿದವು. ತಾತನ ಕೈಯ ಕುಂಚ ಅರ್ಧದಲ್ಲಿ ನಿಂತಿತು. ಅದನ್ನು ಮುಂದೆ ಎಳೆದರೆ ಅಷ್ಟೂ ರೆಕ್ಕೆಗಳು ಹರಿಯುತ್ತಿದ್ದವು.

ಇನ್ನೊಂದು ಗೂಟದ ಬಳಿ ನೂಲು ಬಿಗಿಯುತ್ತಿದ್ದ ಪಕ್ಕದ ಮನೆಯ ಮುರುಗಣ್ಣ ಕೂಗಿದ: “ಮಾಮಾ, ಸೀಕ್ರಂ, ಬೇಗ! ಒಣಗೋಗ್ತೈತೆ!”

“ಇರ್ಲಾ.”

“ಪಾವು ಓಯ್ತದೆ ಮಾಮಾ! ಓಡ್ಸಿ ಅತ್ಲಾಗೆ!”

“ಇರ್ಲಾ ಅಂದ್ನಲ್ಲ. ಅವೇನ್ ಇಲ್ಲೇ ಸಂಸಾರ ಮಾಡಾಕ್ ಬಂದವಾ? ಕುಡ್ಕೊಂಡ್ ಓಗ್ತವೆ.”

ಅಜ್ಜಿ ಗಂಜಿಯ ಮಡಕೆಯನ್ನು ಸೊಂಟಕ್ಕೆ ಒತ್ತಿಕೊಂಡು ಬಾಯಿ ತೆರೆದು ನಿಂತಿದ್ದಳು. ಬಿಸಿಲು ಏರಿತು. ಚಿಟ್ಟೆಗಳು ತಮಗೆ ಸಾಕಾದಾಗ ಎದ್ದು, ಯಾರನ್ನೂ ನೋಡದೆ ಪಡುವಣಕ್ಕೆ ಹೋದವು. ತಾತ ಕುಂಚ ಇಟ್ಟು ನೋಡಿದರು. ಎಳೆಗಳು ಅಂಟಿ, ಹಲಗೆಯ ಹಾಗೆ ಬಿರುಸಾಗಿದ್ದವು.

ದೀಪಾವಳಿಯ ದಿನವೂ ತಾತ ಗುಂಡಿಯಲ್ಲೇ ಇದ್ದರು. ಎಳೆ ತುಂಡಾದಾಗಲೆಲ್ಲ ಮಗ್ಗ ನಿಲ್ಲುತ್ತಿತ್ತು. ಅವರು ಗಂಟು ಹಾಕಿ ಮತ್ತೆ ಮಗ್ಗ ಆಡಿಸುವ ಸದ್ದಿಗೆ ಹೊರಗೆ ಪಟಾಕಿಯ ನಡುವೆಯೂ ನಾವು ಕಿವಿಗೊಟ್ಟು ಕಾಯುತ್ತಿದ್ದೆವು. “ಟೀವಿ ನೋಡಿ ಕೆಟ್ಟೋದ ಮನ್ಸ,” ಎಂದು ಅಜ್ಜಿ ಬೈಯುತ್ತಲೇ ಒಬ್ಬಟ್ಟು ಒಯ್ದು ಗುಂಡಿಯ ಅಂಚಿನಲ್ಲಿ ಕೂತು, ಅವರ ಕೈಗೆ ಬಿಡುವಿಲ್ಲದ್ದರಿಂದ ಬಾಯಿಗೇ ಇಟ್ಟಳು. ಅವರಿಬ್ಬರೂ ಹಾಗೆ ಕೂತದ್ದನ್ನು ನಾನು ಮತ್ತೆಂದೂ ನೋಡಲಿಲ್ಲ.

ತಾತ ಹೋದರು. ಚಿಕ್ಕಪ್ಪ ಮಗ್ಗದ ಗುಂಡಿಗೆ ಮಣ್ಣು ತುಂಬಿ ಟೈಲ್ಸ್ ಹಾಕಿಸಿದರು. ನಮ್ಮ ಬೀದಿಯಲ್ಲಿ ಪಾವು ಎಳೆಯುವವರು ಈಗ ಯಾರೂ ಇಲ್ಲ. ನಿಮ್ಮ ಬೀದಿಯಲ್ಲೂ ಹೀಗೆ ಯಾವುದೋ ಒಂದು ಕೆಲಸ ಸದ್ದಿಲ್ಲದೆ ನಿಂತಿರಬಹುದು. ಕಳೆದ ಐಪ್ಪಸಿಯಲ್ಲಿ ಊರಿಗೆ ಹೋಗಿದ್ದೆ. ಚಿಕ್ಕಪ್ಪನ ಮನೆಯ ತಾರಸಿಯಲ್ಲಿ ಅಜ್ಜಿ ಬಟ್ಟೆ ಒಣಹಾಕುತ್ತಿದ್ದಾಗ ಚಿಟ್ಟೆಗಳು ಬಂದವು, ಬಹಳ ಎತ್ತರದಲ್ಲಿ. ಅಜ್ಜಿ ಹಿಂಡದ ಸೀರೆಯೊಂದನ್ನು ಬಕೆಟ್ಟಿನಿಂದ ಎತ್ತಿ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. “ಇಡ್ಕೊ ಪಾಪಾ, ಬಿಗಿಯಾಗ್ ಇಡ್ಕೊ.” ಇಬ್ಬರೂ ಪಾವಿನ ಹಾಗೆ ಎಳೆದು ಹಿಡಿದು ನಿಂತೆವು. ನೀರು ನಮ್ಮ ಮೊಣಕೈಗಳಿಂದ ತೊಟ್ಟಿಕ್ಕುತ್ತಿತ್ತು. ಒಂದೂ ಇಳಿಯಲಿಲ್ಲ. ಕೊನೆಯದೂ ಮನೆಗಳಾಚೆ ಮರೆಯಾಯಿತು. ಆದರೂ ಅಜ್ಜಿ ಸೀರೆಯನ್ನು ಇಳಿಸಲಿಲ್ಲ, ನಾನೂ ಇಳಿಸಲಿಲ್ಲ.