ಮೈನಸ್ ನೂರ ತೊಂಬತ್ತಾರು

ಗಿರಿಜಕ್ಕ, ನಿಮ್ಮ ಯಜಮಾನರು ಹಾಲೇಶಣ್ಣ ಎದೆನೋವಿನಿಂದ ಸಾಯಲಿಲ್ಲ. ನಾನು ಸುಳ್ಳು ಹೇಳಿದೆ.

ಅಣ್ಣನ ಸಹಾಯಕನಾಗಿ ನಾನು ಕೆಲಸಕ್ಕಿದ್ದ ನ್ಯಾಮತಿಯ ಆ ಸಣ್ಣ ಕೋಣೆಯಲ್ಲಿ ದನಗಳ ಕೃತಕ ಗರ್ಭಧಾರಣೆಯ ವೀರ್ಯಕಡ್ಡಿಗಳನ್ನು ದ್ರವ ಸಾರಜನಕದ ಕ್ಯಾನಿನಲ್ಲಿ ಇಡುತ್ತಿದ್ದೆವಲ್ಲ. ಎಷ್ಟು ಉಳಿದಿದೆಯೆಂದು ಅಣ್ಣ ದಿನವೂ ಮರದ ಪಟ್ಟಿ ಅದ್ದಿ ನೋಡುತ್ತಿದ್ದರು; ಮೊದಲು ಬಾಗಿಲು, ಕಿಟಕಿ ತೆರೆದಿಟ್ಟು ಸ್ವಲ್ಪ ಹೊತ್ತು ಹೊರಗೇ ನಿಲ್ಲುತ್ತಿದ್ದರು. ಎಲೆಕ್ಟ್ರಾನಿಕ್ಸ್ ಓದಿದ ನನಗೆ ಅದು ಹಳೇ ಕಾಲದ್ದೆನಿಸಿತು. ತಾಪಮಾನ ಅಳೆಯುವ, ಅಕ್ಕಿಕಾಳಿನಷ್ಟು ಡಯೋಡೊಂದನ್ನು ತಂತಿಗೆ ಬೆಸೆದು ಕ್ಯಾನಿನ ತಳಕ್ಕಿಳಿಸಿದೆ. ಹೊರಗೋಡೆಯ ಮೇಲೆ ಅಂಕಿ ಮೂಡಿತು — ಮೈನಸ್ ನೂರ ತೊಂಬತ್ತಾರು. "ಅಷ್ಟು ಥಂಡ್ಯಾಗೆ ಮುಳುಗಿದ್ರೂ ನಿನ್ನ ಅಕ್ಕಿಕಾಳಿಗೆ ನೆಗಡಿ ಬರಲ್ಲ ನೋಡು ಮಾರಾಯ!" ಎಂದು ಅಣ್ಣ ನಕ್ಕರು.

ಆ ದಿನ ಬೆಳಿಗ್ಗೆ ತಂತಿ ಸರಿಪಡಿಸುವಾಗ ಕ್ಯಾನು ಕೈಜಾರಿ ಮೆಟ್ಟಿಲಿಗೆ ಬಡಿಯಿತು. ಮಧ್ಯಾಹ್ನ ನೋಡಿದರೆ ಹೊರಮೈಯೆಲ್ಲ ಬಿಳಿ ಹಿಮ. ಕ್ಯಾನಿನ ಎರಡು ಪದರಗಳ ನಡುವಿನ ನಿರ್ವಾತ ಹೋಗಿದೆ, ಒಳಗಿನದು ಕುದಿದು ಅನಿಲವಾಗುತ್ತಿದೆ — ನನಗೆ ಗೊತ್ತಾಗಿತ್ತು. ಹೇಳಿದ್ದರೆ ನನ್ನ ಉಪಕರಣವನ್ನು ಕಿತ್ತೆಸೆಯುತ್ತಿದ್ದರು. ಬಾಗಿಲು ಮುಚ್ಚಿ ಹೊರಬಂದೆ. ಗೋಡೆಯ ಅಂಕಿ ಮಾತ್ರ ಬದಲಾಗಿರಲಿಲ್ಲ. ದ್ರವದ ಕೊನೆಯ ಹನಿ ಇರುವವರೆಗೂ ಅದು ಅಷ್ಟೇ ತೋರಿಸುತ್ತದೆ. ಸುತ್ತಲಿನ ಗಾಳಿಯ ಸುದ್ದಿ ಅದಕ್ಕೇನು ಗೊತ್ತು...

ಹೊನ್ನಾಳಿ ಕಡೆಯ ಹಳ್ಳಿಗಳನ್ನು ಸುತ್ತಿ ಬಂದ ಅಣ್ಣ ಕೇಳಿದರು: "ಕಿಟಕಿ ತೆಗೀಲೇನಪ್ಪ? ಪಟ್ಟಿ ಅದ್ದಿ ನೋಡಾಕೆ?"

"ಬ್ಯಾಡ ಬಿಡ್ರಿ ಅಣ್ಣ. ನೂರ ತೊಂಬತ್ತಾರು ಐತಲ್ಲ."

ಅವರು ನಂಬಿ, ಚೀಲ ಇಡಲು ಒಳಗೆ ಹೋದರು. ಬಿದ್ದ ಸದ್ದು ಕೇಳಿತು, ಕೂಗು ಕೇಳಲಿಲ್ಲ. ಆ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ; ಮುಚ್ಚಿದ ಕೋಣೆಯ ಆಮ್ಲಜನಕವನ್ನು ಹೊರದಬ್ಬಿಬಿಡುತ್ತದೆ — ಎರಡು ಉಸಿರು ಸಾಕು. ಉಸಿರು ಬಿಗಿಹಿಡಿದು ನುಗ್ಗಬಹುದಿತ್ತು. ಕಲ್ಲೆತ್ತಿ ಕಿಟಕಿಯ ಗಾಜನ್ನಾದರೂ ಒಡೆಯಬಹುದಿತ್ತು. ನಾನು ಹೊಸ್ತಿಲಾಚೆ ನಿಂತೇ ಇದ್ದೆ — ಎಷ್ಟು ಹೊತ್ತೋ. ಅವರ ಕೈಬೆರಳು ಅಲುಗುವುದು ಕಾಣುತ್ತಿತ್ತು. ಆಮೇಲೆ ಅದೂ ಇಲ್ಲ.

ಅಕ್ಕಪಕ್ಕದವರು ಓಡಿಬಂದು ಎಳೆದು ತಂದರು. ಏನಾಯಿತೆಂದು ಡಾಕ್ಟರು ಕೇಳಿದಾಗ ನನ್ನ ಬಾಯಿಂದ ಬಂದದ್ದು: "ಬೆಳಿಗ್ಗೆಯಿಂದ ಎದೆ ಹಿಡಿತೈತೆ ಅಂತಿದ್ರು." ಮತ್ತೆ ಯಾರೂ ಏನೂ ಕೇಳಲಿಲ್ಲ. ಆ ಕ್ಯಾನನ್ನು ನಾನೇ ಗುಜರಿಗೆ ಹಾಕಿದೆ.

ಶಿವಗಣಾರಾಧನೆಯ ದಿನ ನೀವು ಕೇಳಿದಿರಿ: "ನಿಂಗೆ ಹೇಳ್ಯಾರೆ, ನಂಗ್ಯಾಕೆ ಹೇಳ್ಲಿಲ್ಲಪ್ಪ?" ನೀವು ಸೊಕ್ಕೆಯ ತವರಿಗೆ ಹೋದ ಮೇಲೂ, ನಾನು ಈಗ ಕೆಲಸಕ್ಕಿರುವ ಚನ್ನಗಿರಿಯಿಂದ ಬಂದಾಗಲೆಲ್ಲ, ಅದೇ ಪ್ರಶ್ನೆ. ಅಂದು ಅವರ ಮುಖ ಸರಿಯಾಗಿ ನೋಡಲಿಲ್ಲವೆಂದು ನಿಮ್ಮನ್ನೇ ಹಳಿದುಕೊಳ್ಳುತ್ತೀರಿ. ನಾನು ನೀವು ಕೊಟ್ಟ ಚಹಾ ಕುಡಿದು ಎದ್ದು ಬರುತ್ತೇನೆ.

ಈ ಕಾಗದದ ಇನ್ನೊಂದು ಪ್ರತಿಯನ್ನು ನಾಳೆ ಠಾಣೆಗೆ ಕೊಡುತ್ತೇನೆ. ಕ್ಷಮೆ ಕೇಳುವುದಿಲ್ಲ. ಇಷ್ಟು ಮಾತ್ರ ನಂಬಿ, ಅಕ್ಕ — ಅಣ್ಣ ನಿಮ್ಮಿಂದ ಏನನ್ನೂ ಮುಚ್ಚಿಟ್ಟಿರಲಿಲ್ಲ. ಹೇಳಲು ಅವರಿಗೆ ನೋವೇ ಇರಲಿಲ್ಲ.