ಪಂಕ್ಚರ್ ಎಂಬ ಪದ

ಇಂಗ್ಲಿಷ್ ಮೇಷ್ಟ್ರು ಅನ್ನಿಸಿಕೊಂಡು ಇದನ್ನು ಹೇಳಲು ನಾಚಿಕೆ. ಎಷ್ಟೋ ಸಲ ಪಾಠ ಮಾಡಿದ್ದರೂ ಪಂಕ್ಚರ್ ಎಂಬ ಪದದ ಪೂರ್ತಿ ಅರ್ಥ ನನಗೆ ಗೊತ್ತಿರಲಿಲ್ಲ.

ಮೊನೆಯಿಂದ ಚುಚ್ಚಿ ತೂತು ಮಾಡುವುದು ಎನ್ನುತ್ತದೆ ನಿಘಂಟು. ಕೋಲಾರದಲ್ಲಿ ಅಷ್ಟಕ್ಕೇ ಯಾರು ಬಿಡುತ್ತಾರೆ? ಎರಡನೇ ಮಹಾಯುದ್ಧಕ್ಕೆ ಮುಂಚಿನ ಆ ದಿನಗಳಲ್ಲಿ ಸೈಕಲ್ಲಿನ ಹಿಂದೆಯೇ ಈ ಪದವೂ ಊರಿಗೆ ಬಂತು. ಹೆಣ್ಣು ನೋಡಿ ಹೋದವರು ಒಲ್ಲೆ ಅಂದರೆ ಸಂಬಂಧ ಪಂಕ್ಚರ್, ದಾಸರ ಗಂಟಲು ಕಟ್ಟಿದರೆ ಹರಿಕಥೆ ಪಂಕ್ಚರ್. ಮುಳಬಾಗಿಲಿನ ಬಸ್ಸು ಬರದಿದ್ದರಂತೂ ಕೇಳುವ ಹಾಗೇ ಇಲ್ಲ. ನಮ್ಮ ಚುಚ್ಚು ಎಂಬ ಪದ ಮಾತ್ರ ಸೂಜಿಗೂ ಅತ್ತೆಯರ ಮಾತಿಗೂ ಮೀಸಲಾಗಿ ಉಳಿಯಿತು.

ಪದದ ಉಳಿದ ಅರ್ಥ ತಿಳಿದ ದಿನ ಶ್ರೀನಿವಾಸಪುರದಲ್ಲಿ ಅಕ್ಕನ ಮಗಳಿಗೆ ಕಿವಿ ಚುಚ್ಚುವ ಶಾಸ್ತ್ರ. ಮಗು ಸೋದರಮಾವನ ತೊಡೆಯ ಮೇಲೇ ಕೂರಬೇಕು. ಅಪ್ಪ ಅಮ್ಮ ತೀರಿಹೋಗಿದ್ದ ಅಕ್ಕನಿಗೆ ತವರು ಅಂದರೆ ನಾನೊಬ್ಬನೇ. ಹತ್ತು ಗಂಟೆಯೊಳಗೆ ಮುಹೂರ್ತ. ಬಸ್ಸನ್ನು ನಂಬೋದು ಯಾಕೆ ಅಂತ ಬೆಳಗ್ಗೆಯೇ ಸೈಕಲ್ ಹತ್ತಿದೆ. ಹೋಳೂರು ದಾಟುತ್ತಲೇ ಜಾಲಿಮುಳ್ಳು! ಟ್ಯೂಬ್ ಹೊರಗೆಳೆದು ನೋಡಿದರೆ, ತೂತು ಮುಚ್ಚಲು ತಂದಿದ್ದ ಅಂಟು ಡಬ್ಬಿಯಲ್ಲೇ ಒಣಗಿ ಕಲ್ಲಾಗಿತ್ತು.

ರಸ್ತೆ ಪಕ್ಕದ ಬಾವಿಯಲ್ಲಿ ಕಪಿಲೆ ಹೊಡೆಯುತ್ತಿದ್ದ ಯಜಮಾನರೊಬ್ಬರು ಎತ್ತು ನಿಲ್ಲಿಸಿ ಬಂದರು.

"ಅಯ್ಯೋ ಪಾಪಮು! ಇಷ್ಟೇನಾ ಸಾಮಿ? ನೀರೆತ್ತೋ ತೊಗಲ ಚೀಲಾನೇ ಹೊಲೀತೀನಿ, ಒಂದು ತೊಟ್ಟು ಸೋರಲ್ಲ. ನೀವು ಮುಖ ತೊಳ್ಕಂಡು ಬನ್ನಿ."

ಮುಖ ತೊಳೆದು ಬರುವಷ್ಟರಲ್ಲಿ ದಬ್ಬಳದಿಂದ ಒತ್ತೊತ್ತಾಗಿ ಹೊಲಿಗೆ ಹಾಕಿ, ಮೇಲೆ ಹೊಂಗೆ ಎಣ್ಣೆ ಸವರಿ, ಟ್ಯೂಬನ್ನು ನನ್ನ ಕೈಗಿಟ್ಟರು. ಒಂದು ತೂತಿದ್ದ ಕಡೆ ಈಗ ಸಾಲು ತೂತು. ತರಗತಿಯಲ್ಲಿ ಬಹುವಚನ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುತ್ತಿರಲಿಲ್ಲ. ಅವರ ಮುಖದ ಸಂತೋಷ ನೋಡಿ ಬೈಯಲು ಬಾಯಿ ಬರಲಿಲ್ಲ. ಗಾಳಿ ಮುಂದಿನೂರಲ್ಲಿ ಹಾಕಿಸ್ಕೋತೀನಿ ಯಜಮಾನ್ರೇ ಅಂತ ಸುಳ್ಳು ಹೇಳಿ ಸೈಕಲ್ ತಳ್ಳಿಕೊಂಡು ಹೊರಟೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಮಗುವನ್ನು ಇನ್ಯಾರದೋ ತೊಡೆಯ ಮೇಲೆ ಕೂರಿಸಿರುತ್ತಾರೆ, ಅಷ್ಟು ಜನರ ಮುಂದೆ ಅಕ್ಕ ತಲೆ ತಗ್ಗಿಸಿ ನಿಂತಿರುತ್ತಾಳೆ.

ತಲುಪಿದಾಗ ಹನ್ನೆರಡು ದಾಟಿತ್ತು. ಊಟಕ್ಕೆ ಎಲೆ ಹಾಕಲಿಲ್ಲವೆಂದು ನೆಂಟರು ಗೊಣಗುತ್ತಿದ್ದರು. ಕಿವಿ ಚುಚ್ಚುವ ಆಚಾರಿ ಗೋಡೆಗೊರಗಿ ಕೂತಿದ್ದ. ಮಗುವಿನ ಎಡಗಿವಿಯಲ್ಲಿ ಆಗಲೇ ಚಿನ್ನದ ತಂತಿ.

"ಮುಹೂರ್ತ ಮೀರುತ್ತೆ ಅಂತ ನಮ್ಮತ್ತೆ ಅವರ ತಮ್ಮನ ತೊಡೆ ಮೇಲೆ ಒಂದು ಚುಚ್ಚಿಸಿಬಿಟ್ರು," ಅಂದಳು ಅಕ್ಕ. "ಇನ್ನೊಂದು ಕಿವಿ ನನ್ನ ತಮ್ಮ ಬರೋವರೆಗೂ ಯಾರೂ ಮುಟ್ಟಕೂಡದು ಅಂದೆ ಕಣೋ. ಬಾ, ಕೂತ್ಕೋ."

ಧೂಳು ಮೆತ್ತಿದ ಪಂಚೆಯ ಮೇಲೇ ಮಗುವನ್ನು ಕೂರಿಸಿಕೊಂಡೆ. ಒಂದು ಸಲ ಅನುಭವವಾಗಿತ್ತಲ್ಲ, ಆಚಾರಿ ಹತ್ತಿರ ಬಂದದ್ದೇ ಅದು ನನ್ನ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡಿತು. ಕಿಟಾರನೆ ಕಿರುಚಿತು. ಬಾಯಿಗೆ ಬೆಲ್ಲ ಬಿದ್ದೊಡನೆ ಸುಮ್ಮನಾಯಿತು. ನನಗೆ ಮಾತ್ರ ಸುಮ್ಮನಾಗಲು ಆಗಲಿಲ್ಲ. ಅಕ್ಕ ಬಗ್ಗಿ, ಮಗುವನ್ನು ಬಿಟ್ಟು, ಸೆರಗಿನಿಂದ ಮೊದಲು ನನ್ನ ಕಣ್ಣು ಒರೆಸಿದಳು.